ವ್ಯಾಂಕೂವರ್ ಊರನ್ನ ಬೈಬೇಡಿ

ಟೊರಾಂಟೊ ರ‍್ಯಾಪ್ಟರ್ಸ್ ನಿಮಗೆ ಗೊತ್ತು, 2019ರ ಚಾಂಪಿಯನ್ಸ್. ಅವರ ಜೊತೆಗೇ 1995ರಲ್ಲಿ ಎನ್‌ಬಿಎಗೆ ಬಂದ ಇನ್ನೊಂದು ಕೆನಡಾ ಟೀಮ್ ವ್ಯಾಂಕೂವರ್ ಗ್ರಿಜ್ಲೀಸ್. ಆರೇ ಸೀಸನ್ ಆಡಿ 2001ರಲ್ಲಿ ಮೆಂಫಿಸ್‌ಗೆ ಗಂಟುಮೂಟೆ ಕಟ್ಟಿತು. "ಅದು ಹಾಕಿ ಊರು, ಬ್ಯಾಸ್ಕೆಟ್‌ಬಾಲ್ ಯಾರು ನೋಡ್ತಾರೆ" ಅಂತಾರೆ. ನಾನು ಒಪ್ಪಲ್ಲ. ಮೊದಲ ಸೀಸನ್‌ನಲ್ಲಿ ಗೆಲುವು 15, ಸೋಲು 67, ಒಂದು ಹಂತದಲ್ಲಿ ಸತತ 23 ಸೋಲು. ಆದ್ರೂ ಪ್ರತಿ ಮ್ಯಾಚ್‌ಗೆ ಸರಾಸರಿ 17 ಸಾವಿರದಷ್ಟು ಜನ ಬಂದ್ರು. ನೀವಾಗಿದ್ರೆ ಬರ್ತಿದ್ರಾ?

ಲೀಗಿಗೆ ಸೇರೋಕೆ ಫೀಸು 12.5 ಕೋಟಿ ಡಾಲರ್. ಅಷ್ಟು ಕಟ್ಟಿಸಿಕೊಂಡು ಷರತ್ತು ಬೇರೆ: ಶುರುವಿನ ವರ್ಷಗಳಲ್ಲಿ ಹೊಸ ಟೀಮ್‌ಗಳಿಗೆ ಡ್ರಾಫ್ಟ್‌ನ ಮೊದಲ ಆಯ್ಕೆ ಇಲ್ಲ. 1997ರಲ್ಲಿ ಗ್ರಿಜ್ಲೀಸ್ ಇಡೀ ಲೀಗ್‌ಗೆ ಕೊನೆ, 14 ಗೆಲುವು. ಆ ಡ್ರಾಫ್ಟ್‌ನಲ್ಲಿ ಇದ್ದದ್ದು ಟಿಮ್ ಡಂಕನ್! ಅವನನ್ನ ಕೇಳೋ ಹಕ್ಕೇ ಇವರಿಗಿರಲಿಲ್ಲ. ಸ್ಯಾನ್ ಆಂಟೋನಿಯೊಗೆ ಹೋಗಿ ಐದು ಸಲ ಚಾಂಪಿಯನ್ ಆದ.

ಇನ್ನು ನಮ್ಮ ಬಿಕಾಂ ಲೆಕ್ಕ. ಟಿಕೆಟ್ ದುಡ್ಡು ಬರೋದು ಕೆನಡಾ ಡಾಲರ್‌ನಲ್ಲಿ, ಆಟಗಾರರ ಸಂಬಳ ಹೋಗೋದು ಅಮೆರಿಕನ್ ಡಾಲರ್‌ನಲ್ಲಿ. 2001ರ ಹೊತ್ತಿಗೆ ಒಂದು ಕೆನಡಾ ಡಾಲರ್‌ಗೆ ಸಿಗ್ತಿದ್ದದ್ದು ಅಮೆರಿಕದ 65 ಸೆಂಟ್ ಆಸುಪಾಸು. ತೂತು ಬಿಂದಿಗೆಗೆ ನೀರು ಸುರಿದಂಗೆ.

ಟೊರಾಂಟೊಗೂ ಇದೇ ಕಷ್ಟ ಇತ್ತಲ್ವಾ ಅಂತೀರಾ? ಇತ್ತು. ಆದ್ರೆ ಅವರಿಗೆ 1998ರಲ್ಲಿ ವಿನ್ಸ್ ಕಾರ್ಟರ್ ಸಿಕ್ಕ. ವ್ಯಾಂಕೂವರ್ 1999ರಲ್ಲಿ ಆರಿಸಿದ ಸ್ಟೀವ್ ಫ್ರಾನ್ಸಿಸ್ "ನಾನು ಬರಲ್ಲ" ಅಂತ ಹಟ ಹಿಡಿದು ಹ್ಯೂಸ್ಟನ್‌ಗೆ ಹೋದ. ಇದರಲ್ಲಿ ಟಿಕೆಟ್ ತಗೊಂಡು ಕೂತವರ ತಪ್ಪು ಯಾವುದು, ಕಾಮೆಂಟ್‌ನಲ್ಲಿ ಹೇಳಿ.