‘ವರೆಗೆ’ ಎಂಬ ಪದ ಮತ್ತು ಮನೆಯ ಇಂಟರ್ನೆಟ್

ಕಲ್ಯಾಣದ ಕಿರಾಣಿ ವ್ಯಾಪಾರಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತಲಾಗುತ್ತದೆ. ಅದೇ ಬೀದಿಯ ಮನೆಗಳಿಗೆ ಬರುವ ಇಂಟರ್ನೆಟ್ಟನ್ನು ಮಾತ್ರ ಗ್ರಾಹಕನ ಎದುರಿಗೆ ಯಾರೂ ತೂಗಿ ಕೊಡುವುದಿಲ್ಲ. ಜಾಹೀರಾತು ‘100 ಎಂಬಿಪಿಎಸ್ ವರೆಗೆ’ ಎನ್ನುತ್ತದೆ. ‘ವರೆಗೆ’ ಎಂಬ ಪದವು ಮೇಲಿನ ಮಿತಿಯನ್ನು ಸೂಚಿಸುತ್ತದೆಯೇ ಹೊರತು ಕೆಳಗಿನದನ್ನಲ್ಲ. ವೇಗ ಎಷ್ಟೇ ಬರಲಿ, ಶೇ. 18ರ ಜಿಎಸ್‌ಟಿಯೊಡನೆ ಬಿಲ್ಲು ಪೂರ್ಣವಾಗಿಯೇ ಬರುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕುಟುಂಬಗಳಿಗೆ ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. 2020ರ ನಂತರ ಲೋಕಲ್ ರೈಲಿನ ನೂಕುನುಗ್ಗಲನ್ನು ಬಿಟ್ಟು ಮನೆಯಿಂದಲೇ ದುಡಿಯುವವರು ಹೆಚ್ಚಿದ್ದಾರೆ. ಮಕ್ಕಳ ಪಾಠ, ವ್ಯಾಪಾರಿಯ ಜಿಎಸ್‌ಟಿ ವಿವರಪತ್ರ, ಆದಾಯ ತೆರಿಗೆಯ ಮುಖರಹಿತ ನಿರ್ಧಾರಣೆಯಲ್ಲಿ ವೀಡಿಯೊ ಮೂಲಕ ನಡೆಯುವ ಅಹವಾಲು, ಇವೆಲ್ಲವೂ ಇದೇ ತಂತಿಯನ್ನು ಅವಲಂಬಿಸಿವೆ.

ಕೊರತೆಯ ಕಾರಣಗಳೆಲ್ಲವೂ ಮೋಸವಲ್ಲ. 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್ ಮಾತ್ರ. ಗೋಡೆಗಳು ವೈಫೈಯನ್ನು ಕುಗ್ಗಿಸುತ್ತವೆ. ಆದರೆ ಪ್ರಮುಖ ಕಾರಣವು ಹಂಚಿಕೆಯಲ್ಲಿದೆ. ಒಂದೇ ಸಾಮರ್ಥ್ಯವನ್ನು ಅನೇಕ ಮನೆಗಳಿಗೆ ಮಾರಲಾಗುತ್ತದೆ. ರಾತ್ರಿ ಎಲ್ಲರೂ ಏಕಕಾಲಕ್ಕೆ ಬಳಸಿದಾಗ ಪ್ರತಿಯೊಬ್ಬರ ಪಾಲು ಕಿರಿದಾಗುತ್ತದೆ. ಹಂಚುವುದು ತಪ್ಪಲ್ಲ, ಎಷ್ಟು ಮಂದಿಗೆ ಹಂಚಲಾಗಿದೆ ಎಂಬುದನ್ನು ಮುಚ್ಚಿಡುವುದು ತಪ್ಪು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2006ರ ನಿಯಮಾವಳಿಯಲ್ಲಿಯೇ ಡೌನ್‌ಲೋಡ್ ವೇಗವು ಶೇ. 80ಕ್ಕಿಂತ ಹೆಚ್ಚಿರಬೇಕೆಂದು ವಿಧಿಸಿತ್ತು. ಆದರೆ ಆ ಅಳತೆ ಸೇವಾದಾತನ ಕೇಂದ್ರದಿಂದ ಗ್ರಾಹಕನ ಮನೆಯವರೆಗಿನದು. ಕೇಂದ್ರದಿಂದಾಚೆಯ ಇಕ್ಕಟ್ಟು ಅದರಲ್ಲಿ ಕಾಣದು. 2024ರ ಅಕ್ಟೋಬರ್ 1ರಿಂದ ಗುಣಮಟ್ಟದ ಹೊಸ ನಿಯಮಗಳು ಜಾರಿಗೆ ಬಂದಿವೆ. ಆದರೂ ಜಾಹೀರಾತಿನ ‘ವರೆಗೆ’ ಇನ್ನೂ ಅಳಿದಿಲ್ಲ.

ಬ್ರಿಟನ್ನಿನಲ್ಲಿ ಹಿಂದೆ ಶೇ. 10ರಷ್ಟು ಗ್ರಾಹಕರಿಗೆ ದೊರೆತ ವೇಗವನ್ನೇ ಹೀಗೆ ಸಾರಬಹುದಿತ್ತು. 2018ರ ಮೇ ತಿಂಗಳಿನಿಂದ, ರಾತ್ರಿ 8ರಿಂದ 10ರ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಲಭಿಸುವ ವೇಗವನ್ನು ಮಾತ್ರ ಜಾಹೀರಾತಿನಲ್ಲಿ ಹೇಳಬೇಕು. ಭಾರತದ ಗ್ರಾಹಕನು ಕೇಳಬೇಕಾದದ್ದೂ ಇಷ್ಟೇ: ದಟ್ಟಣೆಯ ಹೊತ್ತಿನ ವೇಗವನ್ನು ಜಾಹೀರಾತಿನಲ್ಲಿಯೂ ಬಿಲ್ಲಿನಲ್ಲಿಯೂ ಮುದ್ರಿಸಲಿ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರ ಕೊಟ್ಟಿದೆ. ಆ ಅಧಿಕಾರ ಇಲ್ಲಿ ಉಪಯೋಗಕ್ಕೆ ಬರಬೇಕು.

ಅಲ್ಲಿಯವರೆಗೆ ಗ್ರಾಹಕನು ಲೆಕ್ಕ ಇಡುವುದನ್ನು ಕಲಿಯಬೇಕು. ವೈಫೈ ಬಿಟ್ಟು, ಕಂಪ್ಯೂಟರಿಗೆ ನೇರವಾಗಿ ತಂತಿ ಜೋಡಿಸಿ, ಹದಿನೈದು ದಿನ ರಾತ್ರಿ ಒಂದೇ ಹೊತ್ತಿಗೆ ವೇಗವನ್ನು ಅಳೆದು, ದಿನಾಂಕದೊಡನೆ ಬರೆದಿಡಬೇಕು. ಆ ದಾಖಲೆಯನ್ನಿಟ್ಟು ಸೇವಾದಾತನ ದೂರುಕೇಂದ್ರಕ್ಕೆ ದೂರಿತ್ತು ಅದರ ಸಂಖ್ಯೆ ಪಡೆಯಬೇಕು. ಪರಿಹಾರ ದೊರೆಯದಿದ್ದರೆ ಅಲ್ಲಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಸಂಪರ್ಕದ ವಿವಾದಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ.

ಅಂಗಡಿಯಲ್ಲಿ ನೂರು ಗ್ರಾಂ ಸಕ್ಕರೆ ಕಡಿಮೆಯಾದರೆ ಪ್ರಶ್ನಿಸುವ ಗೃಹಸ್ಥನು, ತಿಂಗಳುಗಟ್ಟಲೆ ಅರ್ಧ ವೇಗಕ್ಕೆ ಪೂರ್ಣ ಹಣ ತೆತ್ತು ಸುಮ್ಮನಿರುವುದು ಸರಿಯಲ್ಲ. ಒಂದು ವಸತಿ ಸೊಸೈಟಿಯ ಇಪ್ಪತ್ತು ಮನೆಗಳು ಒಟ್ಟಾಗಿ ಅಳೆದು ಬರೆದಿಟ್ಟರೆ, ಅದನ್ನು ತಳ್ಳಿಹಾಕುವುದು ಸುಲಭವಲ್ಲ.