ಹೊಗೆಸೊಪ್ಪು ಗೊತ್ತಿಲ್ಲದವರು ತಂಬಾಕಿನ ಲೆಕ್ಕ ತೆಗೆಯುತ್ತಾರಂತೆ!



ಕಳೆದ ತಿಂಗಳು ನಮ್ಮ ಕಚೇರಿಗೆ ಒಬ್ಬ ಹುಡುಗಿ ಬಂದಿದ್ದಳು. ಬೆಂಗಳೂರಿನವಳೇ, ಮನೆಮಾತು ಕನ್ನಡ. ಪದವಿಯ ನಾಲ್ಕನೇ ವರ್ಷ, ಆನರ್ಸ್. ವಿಷಯ ಸಾರ್ವಜನಿಕ ಆರೋಗ್ಯ. ಗೈಡ್ ಒಬ್ಬರ ಕೈಕೆಳಗೆ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕು. ಬೀದಿಬದಿಯಲ್ಲಿ ಹೂವು, ತರಕಾರಿ ಮಾರುವ ಹೆಂಗಸರಲ್ಲಿ ತಂಬಾಕಿನ ಚಟ ಎಷ್ಟಿದೆ ಎಂಬುದು ಅವಳು ಆರಿಸಿಕೊಂಡ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಆದರೆ ಅವಳ ಕೈಯಲ್ಲಿದ್ದ ಕನ್ನಡ ಪ್ರಶ್ನಾವಳಿ ನೋಡಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು.

"ಕಳೆದ ಮೂವತ್ತು ದಿನಗಳಲ್ಲಿ ತಾವು ಯಾವುದಾದರೂ ಧೂಮರಹಿತ ತಂಬಾಕು ಉತ್ಪನ್ನವನ್ನು ಸೇವಿಸಿರುವಿರಾ?"

ಇದನ್ನು ಹಿಡಿದುಕೊಂಡು ಆ ಹುಡುಗಿ ಮಾರ್ಕೆಟ್ಟಿಗೆ ಹೋಗಿದ್ದಾಳೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಂದು ಮಾರು ಹೂವು ಕಟ್ಟುತ್ತಾ ಕೂತ ಹೆಂಗಸಿಗೆ ಕೇಳಿದ್ದಾಳೆ. ಆಕೆ "ಅದೆಲ್ಲ ಇಲ್ಲಮ್ಮ" ಎಂದಿದ್ದಾಳೆ. ಬಾಯಿ ನೋಡಿದರೆ ಕೆಂಪಗಿದೆ! ಹಾಳೆಯಲ್ಲಿ "ಇಲ್ಲ" ಎಂಬ ಚೌಕಕ್ಕೆ ಟಿಕ್ ಬಿದ್ದಿದೆ. ಮುಂದಿನವಳೂ ಇಲ್ಲ, ಅದರ ಮುಂದಿನವಳೂ ಇಲ್ಲ.

"ಎಲೆ ಅಡಿಕೆ ಹಾಕ್ಕೊಂತೀರಾ ಅಮ್ಮ? ಅದರ ಜೊತೆ ಹೊಗೆಸೊಪ್ಪು ಇಟ್ಕೊಂತೀರಾ?" ಎಂದು ಕೇಳು ಅಂದೆವು. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ಸಾರ್, ಹೆಚ್ಚುಕಮ್ಮಿ ಎಲ್ಲರೂ ಹೂಂ ಅಂತಿದಾರೆ!"

ಇದು ಪದದ ಜಗಳ ಅಂದುಕೊಳ್ಳಬೇಡಿ. ದೇಶದಲ್ಲಿ ವಯಸ್ಕರ ತಂಬಾಕು ಬಳಕೆಯ ಬಗ್ಗೆ ೨೦೧೬-೧೭ರಲ್ಲಿ ದೊಡ್ಡ ಸಮೀಕ್ಷೆ ನಡೆಯಿತು. ಬೀಡಿ ಸಿಗರೇಟು ಸೇದುವ ಹೆಂಗಸರು ನೂರಕ್ಕೆ ಇಬ್ಬರು. ಹೊಗೆಯಿಲ್ಲದ ತಂಬಾಕು ಬಳಸುವವರು ನೂರಕ್ಕೆ ಸುಮಾರು ೧೩. ಅಂದರೆ ಹೆಂಗಸರ ಬಾಯಿ ಕ್ಯಾನ್ಸರಿನ ದಾರಿ ಸಿಗರೇಟಿನ ಡಬ್ಬಿಗಿಂತ ಎಲೆ ಅಡಿಕೆ ಚೀಲದಲ್ಲೇ ಹೆಚ್ಚಿದೆ. ಆ ಚೀಲದ ಹೆಸರು ಹೇಳಿ ಕೇಳಲು ಬಾರದ ಪ್ರಶ್ನಾವಳಿ ಏನು ಮಾಡುತ್ತದೆ? "ಈ ವಾರ್ಡಿನಲ್ಲಿ ತೊಂದರೆ ಇಲ್ಲ" ಎಂದು ವರದಿ ಬರೆಯುತ್ತದೆ. ಬಾಯಿ ತಪಾಸಣೆಯ ಶಿಬಿರ ಬೇರೆ ಕಡೆ ಹೋಗುತ್ತದೆ. ಈ ಹೆಂಗಸು ಹುಣ್ಣು ದೊಡ್ಡದಾದ ಮೇಲೆ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುತ್ತಾಳೆ.

ತಪ್ಪೆಲ್ಲಾ ಇಂಗ್ಲಿಷಿನದು ಎಂದು ಕೂಗಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. "ಧೂಮರಹಿತ" ಎಂದು ಬರೆದದ್ದು ಕನ್ನಡವೇ ತಾನೆ? ಜನ ಆಡದ ಕನ್ನಡವೂ ಜನಕ್ಕೆ ಪರಭಾಷೆಯೇ! ರಕ್ತಹೀನತೆ ಇದೆಯಾ ಎಂದು ಕೇಳಿ ನೋಡಿ, ಇಲ್ಲ ಅನ್ನುತ್ತಾರೆ. "ರಕ್ತ ಕಮ್ಮಿ ಅಂತ ಯಾರಾದ್ರೂ ಹೇಳಿದ್ರಾ?" ಎಂದರೆ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯ ಕತೆ ಹೊರಗೆ ಬರುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ರಕ್ತ ಪರೀಕ್ಷೆ ಮಾಡಿಯೇ ಹೇಳಿದೆ, ಕರ್ನಾಟಕದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಮ್ಮಿ. ಖಿನ್ನತೆ ಎಂದರೆ ಮುಖ ಮುಖ ನೋಡುತ್ತಾರೆ. "ಏನೂ ಬೇಡ ಅನ್ನಿಸುತ್ತಾ? ರಾತ್ರಿ ನಿದ್ದೆ ಬರುತ್ತಾ?" ಎಂದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಅದೇ ಹುಡುಗಿ ನಾಳೆ ವಿಜಯಪುರದ ಕಡೆ ಹೋದರೆ ಹೊಗೆಸೊಪ್ಪು ಎಂಬ ಮಾತೂ ನಡೆಯಲಿಕ್ಕಿಲ್ಲ, ಅಲ್ಲಿಯ ಮಾತನ್ನು ಅಲ್ಲೇ ಕೇಳಿ ಕಲಿಯಬೇಕು.

ಇನ್ನು ಈ ಆನರ್ಸ್ ವಿಚಾರ. ೨೦೨೧ರಲ್ಲಿ ನಮ್ಮ ರಾಜ್ಯಕ್ಕೆ ನಾಲ್ಕು ವರ್ಷದ ಪದವಿ ಬಂತು, ೨೦೨೪ರಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಮೊದಲೇ ಸೇರಿದ್ದವರಿಗೆ ನಾಲ್ಕನೇ ವರ್ಷದ ಅವಕಾಶ ಉಳಿಯಿತು. ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ನಾಲ್ಕು ವರ್ಷದ ಪದವಿ ಇದೆ. ಯುಜಿಸಿಯ ೨೦೨೨ರ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ ೭೫ ಅಂಕ ತೆಗೆದವರು ಸಂಶೋಧನಾ ಆನರ್ಸ್ ಮಾಡಬಹುದು, ಅದರಲ್ಲಿ ಪ್ರಬಂಧಕ್ಕೇ ೧೨ ಕ್ರೆಡಿಟ್. ವೈದ್ಯಕೀಯ ಓದುವವರಿಗೆ ಐಸಿಎಂಆರ್ ೧೯೭೯ರಿಂದಲೂ ಅಲ್ಪಾವಧಿ ಸಂಶೋಧನೆಗೆ ಹಣ ಕೊಡುತ್ತಿದೆ. ಗೈಡ್ ಜೊತೆ ಎರಡು ತಿಂಗಳ ಕೆಲಸ. ನಮ್ಮ ಎಷ್ಟು ಹುಡುಗರಿಗೆ ಇದು ಗೊತ್ತು? ಅರ್ಜಿ ಹಾಕುವ ಮೊದಲೇ "ನಮ್ಮ ಇಂಗ್ಲಿಷ್ ಸಾಲದು" ಎಂದು ಹಿಂದೆ ಸರಿಯುವವರನ್ನು ನಾವು ನೋಡಿದ್ದೇವೆ. ಅಯ್ಯಾ, ಇಂಗ್ಲಿಷ್ ಪ್ರಬಂಧವನ್ನು ಗೈಡ್ ತಿದ್ದುತ್ತಾರೆ. ಹೂವಿನವಳ ಬಾಯಿಂದ ನಿಜ ಹೊರಡಿಸುವುದನ್ನು ಯಾರು ತಿದ್ದಿಕೊಡುತ್ತಾರೆ? ಅದು ನಿನಗೇ ಬರಬೇಕು, ನಿನಗೆ ಬರುತ್ತದೆ ಕೂಡ!

ಕ್ಯಾಸನೂರು ಎಂಬ ಹೆಸರು ಕೇಳಿದ್ದೀರಾ? ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕಾಡು. ೧೯೫೭ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಕಾಡಂಚಿನ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನೇ ಪತ್ತೆ ಮಾಡಿದರು, ಉಣುಗು ಕಚ್ಚಿ ರೋಗ ಹರಡುತ್ತದೆ ಎಂದು ತಿಳಿಯಿತು. ಇವತ್ತು ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಊರಿನ ಹೆಸರಿದೆ. ಆದರೆ ಊರಿನವರು ಇಟ್ಟ ಹೆಸರು ನೋಡಿ, ಮಂಗನ ಕಾಯಿಲೆ. ಮಂಗ ಸತ್ತರೆ ಮನುಷ್ಯನಿಗೂ ಅಪಾಯ ಎಂಬ ಎಚ್ಚರಿಕೆ ಆ ಎರಡು ಪದದಲ್ಲೇ ಇದೆ. ಇವತ್ತಿಗೂ ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ತಕ್ಷಣ ತಿಳಿಸಿ ಎಂದು ಆರೋಗ್ಯ ಇಲಾಖೆ ಜನರನ್ನೇ ಕೇಳಿಕೊಳ್ಳುತ್ತದೆ.

ಸರಿ, ನೀವೂ ಇಂಥ ಕೆಲಸಕ್ಕೆ ಇಳಿಯುತ್ತೀರಿ ಅನ್ನಿ. ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ, ಆಮೇಲೆ ಬೀದಿ. ಮೊದಲು ಮಾಹಿತಿ ತೆಗೆದು ಆಮೇಲೆ ಸಹಿ ಹಾಕಿಸಿಕೊಳ್ಳುವ ಕಳ್ಳದಾರಿ ಬೇಡ. ಐಸಿಎಂಆರ್‌ನ ೨೦೧೭ರ ಮಾರ್ಗಸೂಚಿ ಸ್ಪಷ್ಟವಾಗಿದೆ, ಮಾಹಿತಿ ಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕು, ಓದಲು ಬಾರದವರಾದರೆ ಸಾಕ್ಷಿ ಇರಬೇಕು. ಕನ್ನಡದ ಕನ್ಸೆಂಟ್ ಫಾರಂ ಯಾರ ದಯೆಯೂ ಅಲ್ಲ, ನಿಯಮ! ಆ ಕಮಿಟಿಯಲ್ಲಿ ವಿಜ್ಞಾನದವರಲ್ಲದ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಅವರು ನಿಮ್ಮ ಕನ್ನಡ ಫಾರಂ ಓದಿದರಾ ಎಂದು ಧೈರ್ಯವಾಗಿ ಕೇಳಿ.

ಇಲ್ಲೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ನಮ್ಮ ಮಾರ್ಕೆಟ್ಟಿನಲ್ಲಿ ತಮಿಳು, ತೆಲುಗು, ಉರ್ದು ಆಡುವ ಹೆಂಗಸರೂ ಕೂತಿದ್ದಾರೆ. ಅವರಿಗೆ ಅವರ ಭಾಷೆಯಲ್ಲೇ ಫಾರಂ ಕೊಡಿ. ಕಾಯಿಲೆಯ ಲೆಕ್ಕದಲ್ಲಿ ಅವರನ್ನು ಬಿಟ್ಟರೆ ನಮ್ಮ ಊರಿನ ಲೆಕ್ಕವೇ ಸುಳ್ಳಾಗುತ್ತದೆ.

ನಿಮ್ಮ ಗೈಡಿಗೆ ಕನ್ನಡ ಬಾರದೇ ಇರಬಹುದು. ಜಗಳಕ್ಕೆ ಹೋಗಬೇಡಿ, ಅವರಿಗೆ ಅಂಕಿಅಂಶದ ವಿದ್ಯೆ ಗೊತ್ತು, ಅದನ್ನು ಪೂರ್ತಿ ಕಲಿತುಕೊಳ್ಳಿ. ಎಷ್ಟು ಜನರನ್ನು ಕೇಳಬೇಕು? ಐದು ಪರ್ಸೆಂಟ್ ಆಚೀಚೆ ಆಗದಷ್ಟು ನಿಖರ ಲೆಕ್ಕ ಬೇಕಾದರೆ ಸಾಮಾನ್ಯ ಸೂತ್ರದಲ್ಲಿ ೩೮೪ ಜನ ಬೇಕು. ಹತ್ತು ಪರ್ಸೆಂಟ್ ಆಚೀಚೆ ಆದರೂ ಸರಿ ಎಂದರೆ ೯೬ ಸಾಕು. ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ೯೬ ಜನರನ್ನು ಸರಿಯಾಗಿ ಕೇಳಿದರೆ ಅದು ೩೮೪ ಹಾಳೆ ಕದ್ದು ತುಂಬಿಸಿದ್ದಕ್ಕಿಂತ ಮೇಲು. ನಗುಮುಖದವರನ್ನೇ ಹುಡುಕಿ ಕೇಳಬೇಡಿ, ಪ್ರತಿ ಐದನೇ ಅಂಗಡಿ ಎಂದು ಗೊತ್ತು ಮಾಡಿಕೊಂಡರೆ ಐದನೆಯವಳು ಸಿಡುಕಿದರೂ ಮತ್ತೊಮ್ಮೆ ಹೋಗಿ ಅವಳನ್ನೇ ಕೇಳಿ. ಬೇಡ ಎಂದರೆ ಬಿಡಿ, ಅದು ಅವಳ ಹಕ್ಕು. ನಿಮ್ಮ ಕನ್ನಡ ಪ್ರಶ್ನೆಗಳನ್ನು ಮೂಲ ಇಂಗ್ಲಿಷ್ ನೋಡದ ಗೆಳೆಯನ ಕೈಲಿ ಮತ್ತೆ ಇಂಗ್ಲಿಷಿಗೆ ಮಾಡಿಸಿ. ಎರಡನ್ನೂ ಗೈಡಿನ ಮುಂದಿಡಿ. ಕನ್ನಡ ಬಾರದ ಗೈಡಿಗೂ ತಪ್ಪು ಎಲ್ಲಿದೆ ಎಂದು ಕಾಣುತ್ತದೆ.

ದುಡ್ಡು ಕೊಟ್ಟರೆ ಪ್ರಬಂಧ ಬರೆದು ಸ್ಪೈರಲ್ ಬೈಂಡಿಂಗ್ ಮಾಡಿಕೊಡುವ ಜೆರಾಕ್ಸ್ ಅಂಗಡಿಗಳ ದಂಧೆ ನಿಮಗೆ ಗೊತ್ತೇ ಇದೆ. ಅಲ್ಲಿಗೆ ಹೋಗುವವರು ಈ ಪತ್ರಿಕೆ ಓದಬೇಕಾಗಿಲ್ಲ.

ಕಾಲೇಜುಗಳಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಕರ್ನಾಟಕದ ಜನರ ಮೇಲೆ ನಡೆದ ಪ್ರತಿ ಆರೋಗ್ಯ ಪ್ರಬಂಧದ ಜೊತೆ ಎರಡು ಪುಟದ ಕನ್ನಡ ಸಾರಾಂಶ ಇರಲೇಬೇಕು. ಅದು ಲೈಬ್ರರಿಯ ಬೀರುವಿಗೆ ಅಲ್ಲ, ಮಾಹಿತಿ ಕೊಟ್ಟ ಬೀದಿಗೆ ಹೋಗಬೇಕು. ಬಡವರ ಮನೆ ಬಾಗಿಲಿಗೆ ಬಂದು ಗರ್ಭದ್ದು, ಮುಟ್ಟಿನದು, ಕುಡಿತದ್ದು ಎಲ್ಲ ಕೇಳಿ ಬರೆದುಕೊಂಡು ಹೋದವರು ಮತ್ತೆ ಮುಖ ತೋರಿಸಿದ್ದುಂಟಾ?

ಆ ಹುಡುಗಿ ಹೊಸ ಫಾರಂ ಹಿಡಿದು ಎರಡನೇ ಸಲ ಹೋದಾಗ ಒಬ್ಬ ಮುದುಕಿ ಹೆಬ್ಬೆಟ್ಟು ಒತ್ತಿ ಕೇಳಿದಳಂತೆ, "ಬರ್ಕೊಂಡು ಹೋಗ್ತೀಯಲ್ಲ ಮಗ, ಏನು ಬಂತು ಅಂತ ಹೇಳಕ್ಕೆ ಬರ್ತೀಯಾ?" ಬರ್ತೀನಿ ಅಜ್ಜಿ ಎಂದು ಬಂದಿದ್ದಾಳೆ. ವೈವಾ ಮುಗಿದ ಮೇಲಿನ ಭಾನುವಾರ ಬೆಳಗ್ಗೆ ಅವಳು ಮಾರ್ಕೆಟ್ಟಿಗೆ ಹೋಗುತ್ತಾಳೆ, ಜೊತೆಗೆ ನಮ್ಮ ಹುಡುಗರೂ ಇರುತ್ತಾರೆ. ಪ್ರಶ್ನಾವಳಿ ತಿದ್ದಿಸಿಕೊಳ್ಳಬೇಕಾದವರು ಅದಕ್ಕೆ ಮೊದಲೇ ಯಾವ ಸಂಜೆಯಾದರೂ ಕಚೇರಿಗೆ ಬನ್ನಿ. ಇಂಗ್ಲಿಷ್ ಪ್ರತಿಯನ್ನೂ ತನ್ನಿ.