ಹಂದಿಗೋಡು ಕಾಯಿಲೆಯವರ ಪಾಡು

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಕೀಲು-ಮೂಳೆ ರೋಗಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಸೊಂಟ, ಮೊಣಕಾಲಿನ ಕೀಲುಗಳಲ್ಲಿ ನೋವು ಶುರುವಾಗುತ್ತದೆ. ಬರಬರುತ್ತ ರೋಗಿ ಕೋಲು ಹಿಡಿಯುತ್ತಾನೆ, ಕೆಲವರದು ಕೊನೆಗೆ ತೆವಳುವ ಸ್ಥಿತಿ. ಇನ್ನು ಕೆಲವರಲ್ಲಿ ಬೆಳವಣಿಗೆಯೇ ಕುಂಠಿತ. ಗದ್ದೆಯ ಏಡಿ ತಿಂದದ್ದು, ಅದರಲ್ಲಿದ್ದ ಕೀಟನಾಶಕ ಕಾರಣವಿರಬಹುದೆಂಬ ಶಂಕೆ ಮೊದಮೊದಲು ಬಲವಾಗಿತ್ತು. ಆದರೆ ಇದು ಆನುವಂಶಿಕ ರೋಗವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ತಂದೆ-ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು.

ನರಳಿದವರು ಬಹುಪಾಲು ಚಲವಾದಿ, ಚನ್ನಂಗಿ ಸಮುದಾಯಗಳ ಕೂಲಿಕಾರರು. ನಾಟಿಗೆ, ಕೊಯ್ಲಿಗೆ ಬಗ್ಗಲಾಗದಿದ್ದರೆ ಅಂದಿನ ಕೂಲಿಯೂ ಇಲ್ಲ. ರೋಗ ಬಡವರದಾದ್ದರಿಂದಲೇ ಅದರ ಸುದ್ದಿಯೂ ಬೇಗ ತಣ್ಣಗಾಯಿತೆನ್ನಬೇಕು.

2021ರ ರಾಷ್ಟ್ರೀಯ ವಿರಳ ರೋಗ ನೀತಿಯಡಿ, ಪಟ್ಟಿಯಲ್ಲಿರುವ ರೋಗಗಳಿಗೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ ರೋಗಿಗೆ ತಲಾ 50 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವುಂಟು. ಆದರೆ ಗುಣಪಡಿಸುವ ಔಷಧವೇ ಇಲ್ಲದ ಹಂದಿಗೋಡು ರೋಗಿಗಳಿಗೆ ಬೇಕಾದದ್ದು ಮಾಸಾಶನ, ಭೌತಚಿಕಿತ್ಸೆ, ಅಗತ್ಯವಿದ್ದವರಿಗೆ ಹತ್ತಿರದಲ್ಲೇ ಕೀಲು ಬದಲಿ ಶಸ್ತ್ರಚಿಕಿತ್ಸೆ, ಮದುವೆಗೆ ಮುನ್ನ ಆನುವಂಶಿಕ ಸಲಹೆ. ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ನಡೆಯಲಾರದವರನ್ನು ಅಲೆಸುವ ಬದಲು ವೈದ್ಯರ ತಂಡವೇ ಊರಿಗೆ ಹೋಗುವುದು ಲೇಸು.